ಮನೆಗೆ ಡೆಸ್ಕ್‌ಟಾಪ್ ಕಂಪ್ಯೂಟರ್: ದುಡ್ಡು ಎಲ್ಲಿ ಹಾಕಬೇಕು?

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಮನೆಗೆ ಕಂಪ್ಯೂಟರ್ ಕೊಳ್ಳುವುದರ ಬಗ್ಗೆಯೇ ಇವೆ. ಬಹುತೇಕ ಎಲ್ಲರೂ ಕೇಳಿರುವುದು ಯಾವ ಪ್ರೊಸೆಸರ್ ಒಳ್ಳೆಯದು ಎಂದು. ಕರೆಂಟು, ಅರ್ಥಿಂಗ್, ಯುಪಿಎಸ್ ವಿಷಯ ಎತ್ತಿದವರು ಇಬ್ಬರೇ. ಮನೆಗಳಲ್ಲಿ ಕಂಪ್ಯೂಟರ್ ಕೆಟ್ಟು ಕೂರುವುದಕ್ಕೆ ಪ್ರೊಸೆಸರ್ ಕಾರಣವಾಗುವುದು ತೀರಾ ಅಪರೂಪ. ಆದ್ದರಿಂದ ಆ ಇಬ್ಬರ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳು ಮೊದಲ ಪಿಯು ವಿಜ್ಞಾನ, ಮಗ ಎಂಟನೇ ತರಗತಿ. ಆನ್‌ಲೈನ್ ಪಾಠ, ಸಿಇಟಿ ಅಭ್ಯಾಸ ಪರೀಕ್ಷೆ, ಸ್ವಲ್ಪ ಪೈಥಾನ್, ಮನೆಯ ಲೆಕ್ಕಪತ್ರ ಇಷ್ಟೇ ಕೆಲಸ. ಒಂದು ಜಾಹೀರಾತಿನಲ್ಲಿ ‘ಐ7 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್’ ಇರುವ ಸೆಟ್ಟು ತುಂಬಾ ಅಗ್ಗಕ್ಕೆ ಇದೆ. ನಮ್ಮೂರಿನ ಅಂಗಡಿಯವರು ಅದಕ್ಕಿಂತ ಹೆಚ್ಚು ದುಡ್ಡು ಕೇಳಿ ಐ3 ಕೊಡುತ್ತೇವೆ ಅನ್ನುತ್ತಾರೆ. ಯಾವುದು ಸರಿ? ಲ್ಯಾಪ್‌ಟಾಪ್ ತೆಗೆದುಕೊಳ್ಳಲೇ?
— ಪಾಲಕರೊಬ್ಬರು, ಹಾಸನ

ಉತ್ತರ: ಅಂಗಡಿಯವರು ಹೇಳಿದ್ದೇ ಸರಿ ಇರುವ ಸಾಧ್ಯತೆ ಹೆಚ್ಚು. ‘ಐ7’ ಎಂಬ ಎರಡಕ್ಷರ ನೋಡಿ ಏನನ್ನೂ ತೀರ್ಮಾನಿಸಬೇಡಿ, ಅದರ ಮುಂದಿನ ಸಂಖ್ಯೆ ಕೇಳಿ. ಅಷ್ಟು ಅಗ್ಗದ ಸೆಟ್ಟಿನಲ್ಲಿ ಸಾಮಾನ್ಯವಾಗಿ ಇರುವುದು ಐ7-2600 ಅಥವಾ ಐ7-3770. ಮೊದಲನೆಯದು 2011ರದ್ದು, ಎರಡನೆಯದು 2012ರದ್ದು. ಹಳೆ ಕಂಪ್ಯೂಟರುಗಳಿಂದ ಬಿಚ್ಚಿದ ಪ್ರೊಸೆಸರನ್ನು ಎಚ್61 ಮದರ್‌ಬೋರ್ಡಿಗೆ ಕೂರಿಸಿ, ಹಳೆ ಬಗೆಯ ಡಿಡಿಆರ್3 ರ‍್ಯಾಮ್ ಹಾಕಿ, ಬಣ್ಣದ ದೀಪ ಉರಿಯುವ ಹೊಸ ಕ್ಯಾಬಿನೆಟ್ಟಿನಲ್ಲಿಟ್ಟು ಮಾರುತ್ತಾರೆ. ಹೊರಗಿನ ಡಬ್ಬಿ ಮಾತ್ರ ಹೊಸದು. 2022ರಲ್ಲಿ ಬಂದ ಐ3-12100ರಲ್ಲಿ ಆ ಹಳೆ ಐ7ಗಳಲ್ಲಿ ಇರುವಷ್ಟೇ, ಅಂದರೆ 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ಸಾಗುವ ಕೆಲಸದ ಸಾಲು) ಇವೆ. ಒಂದೊಂದು ಕೋರ್ ಮಾಡುವ ಕೆಲಸ ಮಾತ್ರ ಬಹಳ ಹೆಚ್ಚು. ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಹಾಕಲೂ ಬರುವುದಿಲ್ಲ.

ನಿಮ್ಮ ಕೆಲಸಕ್ಕೆ ಐ3-12100, ಅಥವಾ ಅದಕ್ಕಿಂತ ಹೊಸ ಐ3, ಇಲ್ಲವೇ ಎಎಂಡಿ ರೈಜನ್ 5 5600ಜಿ ಧಾರಾಳವಾಗಿ ಸಾಕು. ಇಲ್ಲಿ ಒಂದು ಅಕ್ಷರದ ಮೇಲೆ ಕಣ್ಣಿಡಿ. ಇಂಟೆಲ್ ಸಂಖ್ಯೆಯ ಕೊನೆಗೆ ‘ಎಫ್’ ಇದ್ದರೆ, ಉದಾಹರಣೆಗೆ 12100ಎಫ್, ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಂಡು ಹಾಕುವ ತನಕ ಪರದೆಯಲ್ಲಿ ಏನೂ ಮೂಡುವುದಿಲ್ಲ. ರೈಜನ್ 5 5600 ಎಂದಷ್ಟೇ ಇದ್ದು ಕೊನೆಗೆ ‘ಜಿ’ ಇಲ್ಲದಿದ್ದರೂ ಅದೇ ಕಥೆ. ಎಫ್ ಇರುವುದು ಕೊಂಚ ಅಗ್ಗವೆಂದು ಆನ್‌ಲೈನಿನಲ್ಲಿ ತರಿಸಿ, ಕೊನೆಗೆ ಉಳಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಗ್ರಾಫಿಕ್ಸ್ ಕಾರ್ಡಿಗೆ ಸುರಿದವರಿದ್ದಾರೆ.

ಪ್ರೊಸೆಸರಿನಲ್ಲಿ ಉಳಿದ ದುಡ್ಡು ಮೊದಲು ಹೋಗಬೇಕಾದ್ದು ಹಾರ್ಡ್‌ಡಿಸ್ಕಿನ ಬದಲು ಚಿಪ್ಪುಗಳಲ್ಲಿ ಫೈಲು ಇಡುವ ಎಸ್‌ಎಸ್‌ಡಿಗೆ. ಹಾರ್ಡ್‌ಡಿಸ್ಕಿನೊಳಗೆ ಒಂದು ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತಿರುತ್ತದೆ, ಅದರ ಮೇಲೆ ಒಂದು ಕಡ್ಡಿ ಅತ್ತಿಂದಿತ್ತ ಓಡಾಡಿ ಓದುತ್ತದೆ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಅದಕ್ಕೆ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಬೇಕು. ವಿಂಡೋಸ್ ಶುರುವಾಗುವಾಗ ಸಾವಿರಾರು ಪುಟ್ಟ ಫೈಲುಗಳು ಬೇರೆ ಬೇರೆ ಕಡೆಯಿಂದ ಬರಬೇಕಾದ್ದರಿಂದ ಎಲ್ಲವೂ ಆ ಕಡ್ಡಿಗಾಗಿ ಸಾಲುಗಟ್ಟಿ ಕಾಯುತ್ತವೆ. ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ. ಹಾಗಾಗಿ ಐ7 ಜೊತೆ ಹಾರ್ಡ್‌ಡಿಸ್ಕ್ ಇರುವ ಕಂಪ್ಯೂಟರಿಗಿಂತ ಐ3 ಜೊತೆ ಎಸ್‌ಎಸ್‌ಡಿ ಇರುವುದು ದಿನಬಳಕೆಯಲ್ಲಿ ಚುರುಕು. 500 ಜಿಬಿಯ, ಬೋರ್ಡಿಗೇ ನೇರ ಸಿಕ್ಕಿಸುವ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸಿ. ಮದರ್‌ಬೋರ್ಡಿನಲ್ಲಿ ಅದು ಕೂರುವ ಎಂ.2 ಸ್ಲಾಟ್ ಇದೆಯೇ ಎಂದು ಮೊದಲೇ ಕೇಳಿ.

ರ‍್ಯಾಮ್ 16 ಜಿಬಿ ಇದ್ದರೆ ಚೆನ್ನ, ಅದೂ 8 ಜಿಬಿಯ ಎರಡು ಪಟ್ಟಿಯಾಗಿ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ಎರಡು ಪಟ್ಟಿ ಇದ್ದಾಗ ಅದಕ್ಕೂ ಉಸಿರಾಡಲು ಜಾಗ ಸಿಗುತ್ತದೆ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಕೈ ಕಚ್ಚುವಂತಿದ್ದರೆ ಈಗ ಒಂದೇ 8 ಜಿಬಿ ಪಟ್ಟಿ ಹಾಕಿಸಿ, ಇನ್ನೊಂದು ಸ್ಲಾಟ್ ಖಾಲಿ ಬಿಡಿ. ಮುಂದೆ ಅದೇ ಬಗೆಯದು, ಅದೇ ವೇಗದ್ದು ಸೇರಿಸಬಹುದು. ಬೋರ್ಡ್ ಡಿಡಿಆರ್4 ಬಗೆಯದೋ ಡಿಡಿಆರ್5 ಬಗೆಯದೋ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಐ3-12100 ಕೂರುವ ಎಚ್610 ಬೋರ್ಡುಗಳು ಎರಡೂ ಬಗೆಯಲ್ಲಿ ಬರುತ್ತವೆ. ಪಟ್ಟಿಯ ಕಚ್ಚು ಬೇರೆ ಬೇರೆ ಜಾಗದಲ್ಲಿ ಇರುವುದರಿಂದ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಜಾಹೀರಾತಿನಲ್ಲಿ ಯಾರೂ ಬಾಯಿಬಿಡದ ಭಾಗ, ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಬದಲಿಸಿ ಕೊಡುವ ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಪುಕ್ಕಟೆಯಾಗಿ ಬರುವ ‘450 ವ್ಯಾಟ್’ ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿ, ಹಗುರವಾಗಿರುತ್ತದೆ. ಒಳಗೆ ಫಿಲ್ಟರ್ ಕಾಯಿಲ್, ದೊಡ್ಡ ಕೆಪಾಸಿಟರ್, ಹೀಟ್‌ಸಿಂಕುಗಳಲ್ಲಿ ಉಳಿತಾಯ ಮಾಡಿರುತ್ತಾರೆ. ವೋಲ್ಟೇಜ್ ಏರಿಳಿದಾಗ ಇದು ಸಾಯುವುದಲ್ಲದೆ ಕೆಲವೊಮ್ಮೆ ಬೋರ್ಡು, ಎಸ್‌ಎಸ್‌ಡಿಗಳನ್ನೂ ಜೊತೆಗೆ ಕರೆದೊಯ್ಯುತ್ತದೆ. ‘80 ಪ್ಲಸ್ ಬ್ರಾಂಜ್’ ಗುರುತಿರುವ (ಕರೆಂಟು ಪೋಲಾಗುವುದು ಕಡಿಮೆ ಎಂಬ ಪ್ರಮಾಣ), ಹೆಸರಿರುವ ಕಂಪನಿಯ 450 ವ್ಯಾಟಿನ ಎಸ್‌ಎಂಪಿಎಸ್ಸನ್ನು ಬೇರೆಯಾಗಿಯೇ ಕೊಳ್ಳಿ. ಮಗ ಮುಂದೆ ಆಟಕ್ಕೆಂದು ಗ್ರಾಫಿಕ್ಸ್ ಕಾರ್ಡ್ ಕೇಳಬಹುದು ಅನ್ನಿಸಿದರೆ ಈಗಲೇ 550 ವ್ಯಾಟಿನದು ತೆಗೆದುಕೊಳ್ಳಿ.

ಡೆಸ್ಕ್‌ಟಾಪಿನಲ್ಲಿ ಕ್ಯಾಮೆರಾ, ಮೈಕ್ ಇರುವುದಿಲ್ಲ. ಕಡಿಮೆ ಬೆಲೆಯ ಬೋರ್ಡುಗಳಲ್ಲಿ ವೈಫೈ ಇರುವುದಿಲ್ಲ. ಹಲವು ಮಾನಿಟರುಗಳಲ್ಲಿ ಸ್ಪೀಕರ್ ಇರುವುದಿಲ್ಲ. ಪಾಠ ಶುರುವಾಗುವ ದಿನ ಇವೆಲ್ಲ ಒಟ್ಟಿಗೆ ನೆನಪಾಗುತ್ತವೆ. ವೆಬ್‌ಕ್ಯಾಮ್, ವೈಫೈ ಡಾಂಗಲ್, ಸ್ಪೀಕರ್, ಯುಪಿಎಸ್, ವಿಂಡೋಸ್ ಲೈಸೆನ್ಸ್ ಐದನ್ನೂ ಮೊದಲ ಲೆಕ್ಕದಲ್ಲೇ ಸೇರಿಸಿ ಅಂಗಡಿಯವರಿಂದ ಕೊಟೇಶನ್ ಬರೆಸಿಕೊಳ್ಳಿ. ರೂಟರ್ ಅದೇ ಕೋಣೆಯಲ್ಲಿದ್ದರೆ ಡಾಂಗಲ್ ಬೇಡ, ಲ್ಯಾನ್ ಕೇಬಲ್ ಸಾಕು.

ಲ್ಯಾಪ್‌ಟಾಪ್ ವಿಷಯಕ್ಕೆ ಬಂದರೆ, ಮಗಳು ಎರಡು ವರ್ಷದ ನಂತರ ಹಾಸ್ಟೆಲ್ಲಿಗೆ ಹೋದರೆ ಅವಳಿಗೆ ಆಗ ಲ್ಯಾಪ್‌ಟಾಪ್ ಬೇಕೇ ಬೇಕು. ಅದನ್ನು ಆಗ ಕೊಳ್ಳಿ; ಕೋರ್ಸ್ ಯಾವುದೆಂದು ಗೊತ್ತಾದ ಮೇಲೆ ಅದಕ್ಕೆ ತಕ್ಕದ್ದನ್ನೇ ಆರಿಸಬಹುದು. ಈಗಿನ ಡೆಸ್ಕ್‌ಟಾಪ್ ಮಗನಿಗೆ ಉಳಿಯುತ್ತದೆ. ಈ ಕಾರಣಕ್ಕೂ ಡೆಸ್ಕ್‌ಟಾಪಿಗೆ ಈಗಲೇ ವಿಪರೀತ ದುಡ್ಡು ಸುರಿಯುವುದು ಬೇಡ.

ಪ್ರಶ್ನೆ: ಮನೆಗೆ ಇನ್ವರ್ಟರ್ ಇದೆ. ಕರೆಂಟು ಹೋದಾಗ ಫ್ಯಾನು, ದೀಪ ಆರುವುದಿಲ್ಲ, ಆದರೆ ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಹೊಸದು ಕೊಂಡರೆ ಸರಿಹೋಗುತ್ತದೆಯೇ? ಮಳೆಗಾಲದ ಸಿಡಿಲಿನ ಭಯ ಬೇರೆ.
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಹೊಸ ಕಂಪ್ಯೂಟರ್ ತಂದರೂ ಇದು ನಿಲ್ಲುವುದಿಲ್ಲ. ಕರೆಂಟು ಹೋದ ಕ್ಷಣಕ್ಕೂ ಇನ್ವರ್ಟರ್ ಬ್ಯಾಟರಿಗೆ ಬದಲಾಗುವ ಕ್ಷಣಕ್ಕೂ ನಡುವೆ ಸಣ್ಣ ಅಂತರವಿದೆ. ಒಳ್ಳೆಯ ಎಸ್‌ಎಂಪಿಎಸ್ ಪೂರ್ತಿ ಲೋಡಿನಲ್ಲಿ ಸುಮಾರು 16 ಮಿಲಿಸೆಕೆಂಡ್ ಕಾಲ ತನ್ನ ಕೆಪಾಸಿಟರಿನಲ್ಲಿ ಉಳಿದ ಕರೆಂಟಿನಿಂದ ಕಂಪ್ಯೂಟರನ್ನು ಹಿಡಿದಿಡುತ್ತದೆ, ಅಗ್ಗದ್ದು ಅಷ್ಟೂ ಇಲ್ಲ. ಇನ್ವರ್ಟರ್ ಅದಕ್ಕಿಂತ ತಡ ಮಾಡಿದರೆ ಫ್ಯಾನಿಗೆ ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ರೀಸ್ಟಾರ್ಟ್ ಆಗಲು ಅಷ್ಟೇ ಸಾಕು.

ಇನ್ವರ್ಟರಿನ ಹಿಂಬದಿಯಲ್ಲೋ ಮುಂದೆಯೋ ‘ಯುಪಿಎಸ್’ ಮತ್ತು ‘ನಾರ್ಮಲ್’ (ಕೆಲವದರಲ್ಲಿ ‘ಎಕೊ’) ಎಂಬ ಸಣ್ಣ ಸ್ವಿಚ್ಚು ಇರುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ನಾರ್ಮಲ್‌ನಲ್ಲೇ ಉಳಿದಿರುತ್ತದೆ. ನಾರ್ಮಲ್‌ನಲ್ಲಿ ಬದಲಾವಣೆಗೆ ಸುಮಾರು 40 ಮಿಲಿಸೆಕೆಂಡ್ ತನಕ ಹಿಡಿಯಬಹುದು, ಯುಪಿಎಸ್‌ನಲ್ಲಿ 10–15ರ ಆಸುಪಾಸು. ಮೊದಲು ಇದನ್ನು ಬದಲಿಸಿ ನೋಡಿ, ಒಂದು ರೂಪಾಯಿ ಖರ್ಚಿಲ್ಲ. ಹಾಗೆ ಮಾಡಿದಾಗ ಇನ್ನೊಂದು ತೊಡಕು ಬರಬಹುದು. ಯುಪಿಎಸ್ ಮೋಡಿನಲ್ಲಿ ಇನ್ವರ್ಟರ್ ಸುಮಾರು 180ರಿಂದ 260 ವೋಲ್ಟಿನೊಳಗಿನ ಕರೆಂಟನ್ನು ಮಾತ್ರ ಒಳಗೆ ಬಿಡುತ್ತದೆ. ಸಂಜೆ ಪಂಪ್‌ಸೆಟ್ಟುಗಳು ಓಡುವಾಗ ನಿಮ್ಮಲ್ಲಿ 170ಕ್ಕೆ ಇಳಿಯುತ್ತಿದ್ದರೆ ಅದು ಕರೆಂಟು ಇದ್ದೂ ಬ್ಯಾಟರಿಗೆ ಹೋಗುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ಹೋಗುತ್ತದೆ. ಬ್ಯಾಟರಿ ಸೊರಗುತ್ತದೆ. ಅಂಥ ಕಡೆ ಇನ್ವರ್ಟರನ್ನು ನಾರ್ಮಲ್‌ನಲ್ಲೇ ಬಿಟ್ಟು, ಕಂಪ್ಯೂಟರಿಗೆಂದೇ ಒಂದು ಪುಟ್ಟ ಯುಪಿಎಸ್ ಇಡುವುದು ಮೇಲು. ‘ಲೈನ್ ಇಂಟರ‍್ಯಾಕ್ಟಿವ್’ ಎಂದು ಬರೆದಿರುವುದನ್ನು ಕೊಳ್ಳಿ. ಅದರೊಳಗಿನ ಟ್ರಾನ್ಸ್‌ಫಾರ್ಮರ್ ಕಡಿಮೆ ವೋಲ್ಟೇಜನ್ನು ಬ್ಯಾಟರಿ ಮುಟ್ಟದೆಯೇ ಮೇಲೆತ್ತಿ ಕೊಡುತ್ತದೆ.

ಎಷ್ಟು ದೊಡ್ಡದು ಬೇಕು? ಪೆಟ್ಟಿಗೆಯ ಮೇಲಿನ ವಿಎ ಸಂಖ್ಯೆಯನ್ನು 0.6ರಿಂದ ಗುಣಿಸಿ, ಸುಮಾರಾಗಿ ವ್ಯಾಟ್ ಸಿಗುತ್ತದೆ. 600 ವಿಎ ಎಂದರೆ 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಯ ಕಂಪ್ಯೂಟರು, 22 ಇಂಚಿನ ಮಾನಿಟರು, ರೂಟರು ಎಲ್ಲ ಸೇರಿ 100 ವ್ಯಾಟಿನ ಆಚೀಚೆ. ಆದ್ದರಿಂದ 600 ವಿಎ ಸಾಕು. ಫೈಲ್ ಸೇವ್ ಮಾಡಿ ಆರಾಮವಾಗಿ ಮುಚ್ಚುವಷ್ಟು ಹೊತ್ತು ಕೊಡುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಇದಕ್ಕೆ ಸಿಕ್ಕಿಸಬೇಡಿ. ಅದರೊಳಗಿನ ಹೀಟರ್ ಬಿಸಿಯಾಗುವಾಗ 500 ವ್ಯಾಟಿಗೂ ಮೇಲೆ ಎಳೆದು ಯುಪಿಎಸ್ ಟ್ರಿಪ್ ಆಗುತ್ತದೆ. ಒಳಗಿರುವುದು 12 ವೋಲ್ಟ್, 7 ಎಎಚ್‌ನ ಸಣ್ಣ ಬ್ಯಾಟರಿ, ಎರಡು ಮೂರು ವರ್ಷಕ್ಕೆ ಬದಲಿಸಬೇಕು. ಮೂರು ತಿಂಗಳಿಗೊಮ್ಮೆ, ಮುಖ್ಯ ಫೈಲುಗಳನ್ನೆಲ್ಲ ಮುಚ್ಚಿ, ಗೋಡೆಯ ಸ್ವಿಚ್ಚು ಆರಿಸಿ ಐದು ನಿಮಿಷ ನಿಲ್ಲುತ್ತದೆಯೇ ನೋಡಿ. ಒಂದೇ ನಿಮಿಷಕ್ಕೆ ಕೀಂ ಎಂದು ಕೂಗಿ ಆರಿದರೆ ಬ್ಯಾಟರಿ ಮುಗಿದಿದೆ, ಯುಪಿಎಸ್ ಕೆಟ್ಟಿಲ್ಲ.

ಸಿಡಿಲಿಗೆ ಇರುವ ಖಾತ್ರಿ ಉಪಾಯ ಒಂದೇ, ಪ್ಲಗ್ ಕಿತ್ತಿಡುವುದು. ಸ್ವಿಚ್ಚು ಆರಿಸಿದರೆ ಸಾಲದು, ಅದರೊಳಗಿನ ಅಂತರ ಕೆಲವೇ ಮಿಲಿಮೀಟರ್. ಸ್ಪೈಕ್ ಗಾರ್ಡ್ ಸಣ್ಣಪುಟ್ಟ ಏರಿಳಿತ ತಡೆಯುತ್ತದೆ, ಹತ್ತಿರ ಬಿದ್ದ ಸಿಡಿಲನ್ನು ತಡೆಯುವುದಿಲ್ಲ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಅದರಿಂದ ಅರ್ಧ ಕೆಲಸವೂ ಆಗದು. ಅಶ್ವಿನಿ, ಭರಣಿ ಮಳೆಯ ದಿನಗಳಲ್ಲಿ ಮಧ್ಯಾಹ್ನ ಮೋಡ ಕಟ್ಟುತ್ತಿದ್ದಂತೆಯೇ ಯುಪಿಎಸ್ ಪ್ಲಗ್, ರೂಟರಿನ ಅಡಾಪ್ಟರ್ ಎರಡನ್ನೂ ಕೀಳಿ. ಇಂಟರ್ನೆಟ್ಟಿನ ಫೈಬರ್ ಎಳೆ ಗಾಜಿನದು, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ಅದರ ಡಬ್ಬಿಗೆ ಕರೆಂಟು ಕೊಡುವ ಅಡಾಪ್ಟರಿನ ದಾರಿಯಲ್ಲಿ ಬಂದ ಏಟು ಲ್ಯಾನ್ ಕೇಬಲ್ ಹಿಡಿದು ಮದರ್‌ಬೋರ್ಡಿಗೆ ತಲುಪುತ್ತದೆ. ಲ್ಯಾನ್ ಪೋರ್ಟ್ ಮಾತ್ರ ಸುಟ್ಟು ಉಳಿದದ್ದೆಲ್ಲ ನೆಟ್ಟಗಿರುವ ಕಂಪ್ಯೂಟರುಗಳು ರಿಪೇರಿಗೆ ಬರುವುದು ಈ ಕಾರಣಕ್ಕೆ. ಗುಡುಗು ತಲೆಯ ಮೇಲೇ ಬಂದಾಗ ಪ್ಲಗ್ ಮುಟ್ಟಲು ಹೋಗಬೇಡಿ. ಯಂತ್ರ ಹೋದರೆ ಹೋಗಲಿ.

ಪ್ರಶ್ನೆ: ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆ. ಬರಿಗಾಲಲ್ಲಿದ್ದರೆ ಜಾಸ್ತಿ. ಟೆಸ್ಟರ್ ಇಟ್ಟರೆ ದೀಪ ಉರಿಯುತ್ತದೆ. ಇದು ಹಳೆಯದಾಯಿತು, ಹೊಸದು ತರೋಣ ಅನ್ನುತ್ತಿದ್ದಾರೆ ಮನೆಯಲ್ಲಿ.
— ಗೃಹಿಣಿ, ಗದಗ

ಉತ್ತರ: ಬಹುಮಟ್ಟಿಗೆ ದೋಷ ಕಂಪ್ಯೂಟರಿನದಲ್ಲ, ಮನೆಯ ಅರ್ಥಿಂಗಿನದು. ಹೊಸದು ತಂದರೂ ಅದೇ ಸಾಕೆಟ್ಟಿನಲ್ಲಿ ಜುಂ ಅನ್ನುತ್ತದೆ.

ಎಸ್‌ಎಂಪಿಎಸ್ ಒಳಗೆ ಕರೆಂಟು ಬರುವ ಬಾಗಿಲಲ್ಲೇ ಎರಡು ಪುಟ್ಟ ಕೆಪಾಸಿಟರುಗಳಿವೆ. ಒಂದು ಫೇಸ್‌ನಿಂದ ಲೋಹದ ಮೈಗೆ, ಇನ್ನೊಂದು ನ್ಯೂಟ್ರಲ್‌ನಿಂದ ಮೈಗೆ. ಕರೆಂಟಿನ ಗದ್ದಲವನ್ನು ಅರ್ಥ್ ವೈರಿನ ಮೂಲಕ ನೆಲಕ್ಕೆ ಕಳಿಸುವುದು ಅವುಗಳ ಕೆಲಸ. ಅರ್ಥ್ ವೈರ್ ಎಲ್ಲೋ ಕಡಿದಿದ್ದರೆ ಆ ಗದ್ದಲಕ್ಕೆ ಹೋಗಲು ದಾರಿಯಿಲ್ಲ. ಆಗ ಕ್ಯಾಬಿನೆಟ್ಟಿನ ಮೈ 230ರ ಅರ್ಧ, ಅಂದರೆ 115 ವೋಲ್ಟಿನ ಹತ್ತಿರ ನಿಲ್ಲುತ್ತದೆ. ಹರಿಯುವ ಕರೆಂಟು ತೀರಾ ಕಡಿಮೆ, ಅದಕ್ಕೇ ಹೊಡೆಯುವುದಿಲ್ಲ, ಜುಂ ಅನ್ನುತ್ತದೆ. ಆದರೆ ಎಸ್‌ಎಂಪಿಎಸ್ ಒಳಗೆ ನಿಜವಾದ ದೋಷ ಬಂದ ದಿನ ನಿಮ್ಮನ್ನು ಕಾಯಬೇಕಾದ ವೈರು ಅಲ್ಲಿಲ್ಲ ಎಂಬುದು ಗಂಭೀರ. ಮಕ್ಕಳಿರುವ ಮನೆಯಲ್ಲಿ ಇದನ್ನು ನಾಳೆಗೆ ಮುಂದೂಡಬೇಡಿ. ಸರಿಹೋಗುವ ತನಕ ಅದನ್ನು ಬಳಸಬೇಡಿ.

ಮೊದಲು ಪ್ಲಗ್ ನೋಡಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಬಿಳಿ ಅಡಾಪ್ಟರ್ ಹಾಕಿದ್ದರೆ ಕಳ್ಳ ಅದೇ; ಮೇಲಿನ ದಪ್ಪ ಪಿನ್ನೇ ಅರ್ಥ್. ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸುಗಳಲ್ಲಿ ತೂತು ಮೂರಿದ್ದರೂ ಒಳಗೆ ವೈರು ಎರಡೇ ಇರುವುದುಂಟು. ಅವೆರಡೂ ಸರಿಯಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಸಾಕೆಟ್ಟಿನಲ್ಲಿ ಮಲ್ಟಿಮೀಟರ್ ಇಡಿಸಿ. ಫೇಸ್–ನ್ಯೂಟ್ರಲ್ ನಡುವೆ 230ರ ಹತ್ತಿರ, ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟಿನೊಳಗೆ ಬರಬೇಕು. ಫೇಸ್–ಅರ್ಥ್ ಅಳತೆ ತೀರಾ ಕಡಿಮೆ ಬಂದರೆ, ಇಲ್ಲವೇ ಕುಣಿಯುತ್ತಿದ್ದರೆ, ಅರ್ಥ್ ಇಲ್ಲ ಎಂದೇ ಅರ್ಥ.

ಕೆಲವು ಕಡೆ ಸುಲಭಕ್ಕೆಂದು ಸಾಕೆಟ್ಟಿನೊಳಗೆ ನ್ಯೂಟ್ರಲ್ಲಿನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರು ಹಾಕಿಬಿಡುತ್ತಾರೆ. ಜುಂ ಅನ್ನುವುದು ತಕ್ಷಣ ನಿಲ್ಲುತ್ತದೆ, ಮೀಟರೂ ಸರಿ ತೋರಿಸುತ್ತದೆ. ಮುಂದೊಂದು ದಿನ ನ್ಯೂಟ್ರಲ್ ಕಡಿದರೆ ಪೂರ್ತಿ 230 ವೋಲ್ಟು ಕ್ಯಾಬಿನೆಟ್ಟಿನ ಮೈಗೆ ಬರುತ್ತದೆ. ಜೀವ ತೆಗೆಯುವ ಕೆಲಸ ಇದು, ಯಾರು ಹೇಳಿದರೂ ಮಾಡಿಸಬೇಡಿ. ಮನೆಯ ಹೊರಗೆ ಎರಡೂವರೆ ಮೀಟರಿನ ಜಿಐ ಪೈಪು ಇಳಿಸಿ ಸರಿಯಾದ ಅರ್ಥಿಂಗ್ ಹಾಕಿಸಿ. ಈಗಾಗಲೇ ಗುಂಡಿ ಇದ್ದರೆ ನಿಮ್ಮ ಕಡೆಯ ಬೇಸಿಗೆಯಲ್ಲಿ ಮಣ್ಣು ಒಣಗಿ ಬಿರುಕು ಬಿಟ್ಟಾಗ ಪೈಪಿಗೆ ಹಿಡಿತ ತಪ್ಪಿರುತ್ತದೆ. ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಸುರಿಯಿರಿ. ಇಷ್ಟು ಆದ ಮೇಲೂ ಜುಂ ಅಂದರೆ ಆಗ ಎಸ್‌ಎಂಪಿಎಸ್ ಬದಲಿಸಿ.

ಪ್ರಶ್ನೆ: ನನ್ನದು ಐ3-4130, 4 ಜಿಬಿ ರ‍್ಯಾಮ್, ವಿಂಡೋಸ್ 10. ‘ನುಡಿ’ ತಂತ್ರಾಂಶದಲ್ಲಿ ಲೇಖನ ಟೈಪ್ ಮಾಡುತ್ತೇನೆ, ಇಮೇಲ್ ನೋಡುತ್ತೇನೆ. ಬಹಳ ನಿಧಾನ. ಹೊಸದು ಕೊಳ್ಳಲೇಬೇಕೇ? ಹಳೆಯ ಫೈಲುಗಳ ಗತಿ?
— ನಿವೃತ್ತ ಅಧ್ಯಾಪಕರು, ಮೈಸೂರು

ಉತ್ತರ: ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ಜನರೇಷನ್ ಅಥವಾ ಮುಂದಿನದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ನಿಮ್ಮದು 4ನೇ ಜನರೇಷನ್. ಈ ನಿಯಮವನ್ನು ತಪ್ಪಿಸಿ ಹಾಕಿಕೊಡುವವರು ಇದ್ದಾರೆ, ಆದರೆ ಮುಂದಿನ ಅಪ್‌ಡೇಟ್ ಬಂದಾಗ ಕೈಕೊಟ್ಟರೆ ನಿಮಗೆ ತೊಂದರೆ.

ಕೆಲಸ ಇಷ್ಟೇ ಆಗಿದ್ದರೆ ಹೊಸದು ಕೊಳ್ಳುವ ಅಗತ್ಯ ನಮಗೆ ಕಾಣುವುದಿಲ್ಲ. 240 ಅಥವಾ 256 ಜಿಬಿಯ ಕೇಬಲಿನಿಂದ ಸಿಕ್ಕಿಸುವ ಸಾಟಾ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ಡಿಡಿಆರ್3 ರ‍್ಯಾಮ್ ಹಾಕಿಸಿ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಇನ್‌ಸ್ಟಾಲ್ ಮಾಡಿಸಿ. ಮೊದಲು ಎಲ್ಲ ಫೈಲುಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ. ಆಮೇಲೆ ಹಳೆ ಹಾರ್ಡ್‌ಡಿಸ್ಕಿನ ಕೇಬಲ್ ಕಿತ್ತು, ಎಸ್‌ಎಸ್‌ಡಿ ಒಂದನ್ನೇ ಸಿಕ್ಕಿಸಿ ಇನ್‌ಸ್ಟಾಲ್ ಮಾಡಬೇಕು. ಎರಡನ್ನೂ ಬಿಟ್ಟು ಮಾಡಿದರೆ ಶುರುವಾಗುವ ಫೈಲುಗಳು ಹಳೆಯದರ ಮೇಲೆ ಕೂತು, ಮುಂದೆ ಅದನ್ನು ತೆಗೆದ ದಿನ ಕಂಪ್ಯೂಟರ್ ಏಳುವುದೇ ಇಲ್ಲ. ಎಲ್ಲ ಮುಗಿದ ಮೇಲೆ ಹಳೆಯದನ್ನು ಮತ್ತೆ ಸಿಕ್ಕಿಸಿದರೆ ಫೈಲುಗಳೆಲ್ಲ ಅಲ್ಲೇ ಇರುತ್ತವೆ.

ನುಡಿಯ ಕೀಲಿ ವಿನ್ಯಾಸ ಬೆರಳಿಗೆ ಕೂತಿದ್ದರೆ ಚಿಂತೆ ಬೇಡ. ಲಿನಕ್ಸಿನಲ್ಲಿ ಟೈಪಿಂಗಿಗೆ ಬೇಕಾದ ಐಬಸ್ ಎಂ17ಎನ್ ಹಾಕಿ, ಕನ್ನಡದಡಿ ‘ಕೆಜಿಪಿ’ ಆರಿಸಿದರೆ ಅದೇ ವಿನ್ಯಾಸ. ಹಳೆ ಫೈಲುಗಳನ್ನು ನೋಡಿಕೊಳ್ಳಿ. ನುಡಿ 4ರ ಕಾಲದವಾದರೆ ಅವು ಆಸ್ಕಿ, ಅಂದರೆ ಅದರದೇ ಫಾಂಟಿಗೆ ಮಾತ್ರ ಹೊಂದುವ ಹಳೆ ಸಂಕೇತದಲ್ಲಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದದ ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಕಾಣುತ್ತದೆ. ಫೈಲು ಹಾಳಾಗಿದೆ ಎಂದು ಅಳಿಸಬೇಡಿ. ಹಳೆಯ ವಿಂಡೋಸ್ ಇರುವಾಗಲೇ ಪರಿವರ್ತಕದಲ್ಲಿ ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡಿಗೆ ಬದಲಿಸಿ, ಮೂಲವನ್ನೂ ಇಟ್ಟುಕೊಳ್ಳಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ, ತಪ್ಪುಗಳು ಉಳಿಯುವುದು ಅಲ್ಲೇ. ಟ್ಯಾಲಿ ಬಳಸುವವರಿಗೆ, ಡಿಜಿಟಲ್ ಸಹಿಯ ಟೋಕನ್ ಬೇಕಾದವರಿಗೆ ಮಾತ್ರ ಲಿನಕ್ಸ್ ಹೇಳುವುದಿಲ್ಲ, ಅವರು ವಿಂಡೋಸ್ 11 ಓಡುವ ಯಂತ್ರವನ್ನೇ ಕೊಳ್ಳಲಿ.

ಪ್ರಶ್ನೆ: ಕಂಪನಿಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ತೆಗೆದುಕೊಳ್ಳಬಹುದೇ? ಏನೇನು ನೋಡಬೇಕು?
— ಹುಬ್ಬಳ್ಳಿ

ಉತ್ತರ: ಧಾರಾಳವಾಗಿ. ಕಡಿಮೆ ದುಡ್ಡಿಗೆ ಹೊಸ ಅಗ್ಗದ ಸೆಟ್ಟಿಗಿಂತ ಇವು ಎಷ್ಟೋ ಗಟ್ಟಿ. ವಿಂಡೋಸ್ 11 ಓಡಬೇಕಾದರೆ ಜನರೇಷನ್ ಮಾತ್ರ ಬಿಡಬೇಡಿ. ಐ5-8500 ಎಂದರೆ 8ನೆಯದು, ಬೇಕು. ಐ5-6500, ಐ5-7500 ಬೇಡ. ಡೆಲ್ ಆಪ್ಟಿಪ್ಲೆಕ್ಸ್ 3060, 5060, 7060, ಎಚ್‌ಪಿ ಪ್ರೊಡೆಸ್ಕ್ 600 ಜಿ4, ಎಲೀಟ್‌ಡೆಸ್ಕ್ 800 ಜಿ4, ಲೆನೊವೊ ಥಿಂಕ್‌ಸೆಂಟರ್ ಎಂ720, ಎಂ920 ಇವೆಲ್ಲ 8ನೇ ಜನರೇಷನ್ ಹೊತ್ತಿನವು. ಆಪ್ಟಿಪ್ಲೆಕ್ಸ್ 7050 ನೋಡಲು ಹಾಗೇ ಇರುತ್ತದೆ, ಆದರೆ ಹಿಂದಿನದು.

ಅಂಗಡಿಯಲ್ಲೇ ಅರ್ಧ ಗಂಟೆ ಕೂತು ನೋಡಿ. ಆನ್ ಮಾಡಿ, ವಿಂಡೋಸಿಗೂ ಮೊದಲು ಬರುವ ಸೆಟ್ಟಿಂಗ್ ಪರದೆಯಾದ ಬಯಾಸ್‌ಗೆ ಹೋಗಿ (ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1). ಪಾಸ್‌ವರ್ಡ್ ಕೇಳಿದರೆ ಹಿಂದಿನ ಕಂಪನಿಯದು ತೆಗೆದಿಲ್ಲ, ಬಿಟ್ಟು ಎದ್ದುಬನ್ನಿ. ತಾರೀಕು ತಪ್ಪಿದ್ದರೆ ಒಳಗಿನ ನಾಣ್ಯದಂಥ ಸಿಆರ್2032 ಸೆಲ್ ಮುಗಿದಿದೆ. ಇದು ಸಣ್ಣ ಖರ್ಚು, ಹಾಕಿಸಿಕೊಳ್ಳಿ. ವಿಂಡೋಸ್ ಸೆಟ್ಟಿಂಗ್ಸಿನಲ್ಲಿ ಆಕ್ಟಿವೇಷನ್ ನೋಡಿ. ಕಾರ್ಖಾನೆಯಲ್ಲೇ ವಿಂಡೋಸ್ ಹಾಕಿ ಕಳಿಸಿದ ಯಂತ್ರಗಳಲ್ಲಿ ಲೈಸೆನ್ಸ್ ಬೋರ್ಡಿನೊಳಗೇ ಇರುತ್ತದೆ, ಬೇರೆ ಕೊಳ್ಳಬೇಕಿಲ್ಲ. ಇದು ಇವುಗಳ ದೊಡ್ಡ ಲಾಭ. ಡಿಸ್ಕ್ ಪರೀಕ್ಷಿಸುವ ತಂತ್ರಾಂಶ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಎಸ್‌ಎಸ್‌ಡಿಯ ಆರೋಗ್ಯದ ಶೇಕಡಾವಾರು ನೋಡಿ. ಪ್ರತಿ ಯುಎಸ್‌ಬಿಗೂ ಒಂದು ಪೆನ್‌ಡ್ರೈವ್ ಚುಚ್ಚಿ. 20 ನಿಮಿಷ ವಿಡಿಯೊ ಓಡಿಸಿ ಫ್ಯಾನ್ ಅರಚುತ್ತದೆಯೇ ಕೇಳಿ. ಸಣ್ಣ ಕ್ಯಾಬಿನೆಟ್ಟಿನ ಮಾಡೆಲ್ಲುಗಳಲ್ಲಿ ಎಸ್‌ಎಂಪಿಎಸ್ ಆ ಕಂಪನಿಯದೇ ಅಳತೆ, ಹೊರಗಿನದು ಕೂರುವುದಿಲ್ಲ. ಗ್ರಾಫಿಕ್ಸ್ ಕಾರ್ಡೂ ಕುಳ್ಳಗಿನದೇ ಬೇಕು. ಆಟದ ಆಸೆ ಇದ್ದರೆ ಟವರ್ ಮಾದರಿ ಕೇಳಿ.

ಪ್ರಶ್ನೆ: ಮಾನಿಟರ್ 24 ಇಂಚೋ 27 ಇಂಚೋ? ಹೆಚ್ಚಾಗಿ ಕನ್ನಡ ಓದುತ್ತೇವೆ, ಬರೆಯುತ್ತೇವೆ.
— ದಾವಣಗೆರೆ

ಉತ್ತರ: 1920 ಗುಣಿಸು 1080 ಚುಕ್ಕಿಗಳ ಪರದೆಯಾದರೆ 22 ಅಥವಾ 24 ಇಂಚಿಗೇ ನಿಲ್ಲಿ. ಅಷ್ಟೇ ಚುಕ್ಕಿಗಳನ್ನು 24 ಇಂಚಿಗೆ ಹರಡಿದರೆ ಒಂದು ಇಂಚಿನಲ್ಲಿ ಸುಮಾರು 92 ಇರುತ್ತವೆ, 27 ಇಂಚಿಗೆ ಹರಡಿದರೆ 82ಕ್ಕೆ ಇಳಿಯುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ಅದು ನಡೆದೀತು. ‘ಸ್ತ್ರೀ’, ‘ಕ್ಷ್ಮ’ದಂಥ ಕಡೆ ಕೆಳಗಿನ ಒತ್ತುಗಳು ಮೊದಲೇ ಸಣ್ಣ, ಅವು ಕಲಸಿಹೋಗುತ್ತವೆ. 27 ಬೇಕೇ ಬೇಕೆಂದರೆ 2560 ಗುಣಿಸು 1440 ಇರುವುದನ್ನು ಕೊಳ್ಳಿ. ಐಪಿಎಸ್ ಪ್ಯಾನೆಲ್ ಇರಲಿ, ಪಕ್ಕದಲ್ಲಿ ಕೂತವರಿಗೂ ಬಣ್ಣ ಕೆಡದೆ ಕಾಣುತ್ತದೆ.

ಪ್ರಶ್ನೆ: ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಸೆಂಬಲ್ ಮಾಡಿಸಿದರೆ ಅಗ್ಗವಂತೆ. ಬಿಲ್ ಇಲ್ಲದೆ ಇನ್ನೂ ಕಡಿಮೆಗೆ ಕೊಡುತ್ತಾರಂತೆ. ಮಾಡಿಸಬಹುದೇ?
— ತುಮಕೂರು

ಉತ್ತರ: ಎಸ್‌ಪಿ ರೋಡಿನಲ್ಲಿ ಮಾಡಿಸಿ, ಬಿಲ್ ಇಲ್ಲದೆ ಮಾತ್ರ ಬೇಡ. ಕಂಪ್ಯೂಟರ್ ಭಾಗಗಳಿಗೆ ಜಿಎಸ್‌ಟಿ 18 ಶೇಕಡಾ ಇದೆ, ಅದನ್ನು ಉಳಿಸಿದ ಹಾಗೆ ಕಾಣುತ್ತದೆ. ಅಸೆಂಬಲ್ ಮಾಡಿದ ಕಂಪ್ಯೂಟರಿಗೆ ಒಟ್ಟು ವಾರಂಟಿ ಎಂಬುದಿಲ್ಲ, ಒಂದೊಂದು ಭಾಗಕ್ಕೆ ಅದರದರ ಕಂಪನಿ ಕೊಡುತ್ತದೆ. ಪ್ರೊಸೆಸರು, ಬೋರ್ಡಿಗೆ ಸಾಮಾನ್ಯವಾಗಿ ಮೂರು ವರ್ಷ, ಎಸ್‌ಎಸ್‌ಡಿಗೆ ಮೂರೋ ಐದೋ. ಆ ದಿನಗಳನ್ನು ಎಣಿಸುವುದು ಬಿಲ್ಲಿನ ತಾರೀಕಿನಿಂದ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಖಾಲಿ ಡಬ್ಬಿಗಳನ್ನೂ ಕೇಳಿ ತನ್ನಿ.

ಪ್ರೊಸೆಸರ್ ಡಬ್ಬಿಯಿಲ್ಲದೆ ಪ್ಲಾಸ್ಟಿಕ್ ಟ್ರೇಯಿಂದ ತೆಗೆದುಕೊಟ್ಟರೆ ಅದಕ್ಕೆ ಇಂಟೆಲ್, ಎಎಂಡಿಯವರ ನೇರ ವಾರಂಟಿ ಸಿಗುವುದಿಲ್ಲ, ಅಂಗಡಿಯವರ ಮಾತೇ ವಾರಂಟಿ. ಡಬ್ಬಿಯ ಸೀಲನ್ನು ನಿಮ್ಮ ಎದುರೇ ಒಡೆಸಿ. ಅಸೆಂಬಲ್ ಆದ ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪ್ರೊಸೆಸರಿನ ಹೆಸರು, ರ‍್ಯಾಮಿನ ಅಳತೆ ಮತ್ತು ವೇಗ, ಡಿಸ್ಕ್ ಎಸ್‌ಎಸ್‌ಡಿ ಹೌದೇ ಅಲ್ಲವೇ, ಎಲ್ಲ ಅಲ್ಲೇ ಕಾಣುತ್ತದೆ. ಕೊಟೇಶನ್ ಪಕ್ಕದಲ್ಲಿಟ್ಟು ತಾಳೆ ನೋಡಿ. ತುಮಕೂರಿನ ಅಂಗಡಿಯವರು ಒಂದೆರಡು ಸಾವಿರ ಹೆಚ್ಚು ಕೇಳಿದರೂ ಅಲ್ಲೇ ಮಾಡಿಸುವುದು ನಮ್ಮ ಸಲಹೆ. ಕೆಟ್ಟ ಬೋರ್ಡ್ ಹೊತ್ತು ಬೆಂಗಳೂರಿಗೆ ಎರಡು ಸಲ ಹೋಗಿಬಂದರೆ ಆ ಉಳಿತಾಯ ಕರಗುತ್ತದೆ.

ಪ್ರಶ್ನೆ: ಡೆಸ್ಕ್‌ಟಾಪ್ ತಂದರೆ ಕರೆಂಟು ಬಿಲ್ ಏರಿ ಗೃಹಜ್ಯೋತಿ ತಪ್ಪುತ್ತದೆಯೇ?
— ಶಿರಸಿ

ಉತ್ತರ: 80 ವ್ಯಾಟಿನಂತೆ ದಿನಕ್ಕೆ 5 ಗಂಟೆ ನಡೆಸಿದರೆ ತಿಂಗಳಿಗೆ 12 ಯೂನಿಟ್. ನಿಮ್ಮ ಮನೆಗೆ ನಿಗದಿಯಾದ ಉಚಿತ ಮಿತಿಯನ್ನು ದಾಟಿ 200ರೊಳಗೆ ಇದ್ದರೆ ಹೆಚ್ಚಾದ ಯೂನಿಟ್ಟಿಗಷ್ಟೇ ದುಡ್ಡು. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಈಗಲೇ 190ರ ಹತ್ತಿರ ಇರುವವರು ಯೋಚಿಸಬೇಕಾದ್ದು ಇದನ್ನು. ಸ್ಲೀಪ್‌ನಲ್ಲಿ ಬಿಡುವ ಬದಲು ರಾತ್ರಿ ಪೂರ್ತಿ ಮುಚ್ಚಿ ಗೋಡೆಯ ಸ್ವಿಚ್ಚು ಆರಿಸಿ.

ಪ್ರಶ್ನೆ: ಮಗನ ಒತ್ತಾಯಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆವು. ಮನೆಗೆ ತಂದು ಸಿಕ್ಕಿಸಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಅಂಗಡಿಯಲ್ಲಿ ಸರಿಯಿತ್ತು.
— ಬೆಳಗಾವಿ

ಉತ್ತರ: ಕ್ಯಾಬಿನೆಟ್ಟಿನ ಹಿಂದೆ ಎಚ್‌ಡಿಎಂಐ ತೂತುಗಳು ಎರಡು ಕಡೆ ಇವೆ. ಯುಎಸ್‌ಬಿಗಳ ಪಕ್ಕದಲ್ಲಿರುವುದು ಮದರ್‌ಬೋರ್ಡಿನದು, ಅದರ ಕೆಳಗೆ ಅಡ್ಡಪಟ್ಟಿಯಲ್ಲಿರುವುದು ಕಾರ್ಡಿನದು. ಕೇಬಲನ್ನು ಕೆಳಗಿನದಕ್ಕೆ ಹಾಕಿ. ಆಗಲೂ ಬರದಿದ್ದರೆ ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬರುವ 6 ಅಥವಾ 8 ಪಿನ್ನಿನ ವೈರು ಪ್ರಯಾಣದ ಕುಲುಕಾಟಕ್ಕೆ ಸಡಿಲಾಗಿದೆಯೇ ನೋಡಿ. ರ‍್ಯಾಮ್ ಪಟ್ಟಿಗಳನ್ನೂ ಒಮ್ಮೆ ತೆಗೆದು, ಕಟ್ ಎಂದು ಸದ್ದು ಬರುವ ತನಕ ಒತ್ತಿ ಕೂರಿಸಿ.